ಎಲ್ಲಾ ಆಡುವವನು ಏನು ಆಡುತ್ತಾನೆ?

ಆ ವರ್ಷಗಳಲ್ಲಿ ನಾನು ರೋಣದಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಕಡಲೆಯ ದರ, ಪುರಸಭೆಯ ಜಗಳ, ಗದಗಿನ ಬಸ್ಸು ಕೆಟ್ಟು ನಿಂತದ್ದು, ನಡುನಡುವೆ ಕಬಡ್ಡಿ. ಬಸ್ ನಿಲ್ದಾಣದ ಎದುರಿನ ಬೂತಿನಿಂದ ಫ್ಯಾಕ್ಸ್ ಮಾಡಿದರೆ ಹುಬ್ಬಳ್ಳಿಯ ಡೆಸ್ಕಿನವರು ಅದರಲ್ಲಿ ಅರ್ಧ ಕತ್ತರಿಸಿ ಅಚ್ಚು ಹಾಕುತ್ತಿದ್ದರು. 'ಮಿಂಚಿನ ದಾಳಿ' ಎಂದು ಬರೆದರೆ ದಾಳಿ ಉಳಿಯುತ್ತಿತ್ತು, ಮಿಂಚು ಹೋಗುತ್ತಿತ್ತು. ಕೆಲವು ತಿಂಗಳಲ್ಲಿ ನಾನೇ ಮಿಂಚು ಬಿಟ್ಟು ಬರೆಯುವುದನ್ನು ಕಲಿತೆ.

ಒಬ್ಬ ಆಟಗಾರನ ವಿಷಯದಲ್ಲಿ ಮಾತ್ರ ಡೆಸ್ಕಿನಿಂದ ಮೇಲಿಂದ ಮೇಲೆ ಫೋನು ಬರುತ್ತಿತ್ತು.

"ಹೋದ ವಾರ ಇವನನ್ನ ದಾಳಿಗಾರ ಅಂತ ಬರೆದಿದ್ದೀರಿ. ಈ ವಾರ ಹಿಡಿತಗಾರ ಅಂತ ಇದೆ. ಯಾವುದು ಸರಿ?"

ಎರಡೂ ಸರಿಯಾಗಿದ್ದವು. ಅವನು ಗಜೇಂದ್ರಗಡದವನು, ರೋಣದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದ. ಉಸಿರು ಹಿಡಿದು ಎದುರಾಳಿಯ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವುದು ಅವನಿಗೆ ಗೊತ್ತಿತ್ತು. ತನ್ನ ಅಂಗಳದಲ್ಲಿ ನಿಂತು, ನುಗ್ಗಿ ಬಂದವನನ್ನು ಹಿಡಿದು ಕೆಡವುವುದೂ ಗೊತ್ತಿತ್ತು. ಮೂಲೆಯಲ್ಲಿ ನಿಲ್ಲಿಸಿದರೆ ಮೂಲೆ, ನಡುವೆ ನಿಲ್ಲಿಸಿದರೆ ನಡುವೆ. ಅಂಪೈರ್ ಬಾರದ ದಿನ ಸೀಟಿಯನ್ನೂ ಅವನೇ ಊದುತ್ತಿದ್ದ. ಆದರೆ ಅವನ ಜೀವವೆಲ್ಲ ದಾಳಿಯಲ್ಲಿತ್ತು. ಗಜೇಂದ್ರಗಡದ ಓಣಿಗಳಲ್ಲಿ ಚಿಕ್ಕ ಹುಡುಗರು ಅವನಂತೆಯೇ ಎಡಗೈ ಸೊಂಟಕ್ಕೆ ಕೊಟ್ಟು ದಾಳಿಗೆ ಹೋಗುವುದನ್ನು ನಾನು ನೋಡಿದ್ದೇನೆ.

ಅವನ ತಂದೆಯದು ಬಳೆ ಅಂಗಡಿ. ಮನೆಯಲ್ಲಿ ಯಾರಿಗೂ ತಿಂಗಳ ಸಂಬಳದ ನೌಕರಿ ಇರಲಿಲ್ಲ. ಪರೀಕ್ಷೆ ಮುಗಿದರೆ ಕಾಲೇಜು ತಂಡವೂ ಮುಗಿಯುತ್ತಿತ್ತು, ಆಮೇಲೆ ಬಳೆ ಅಂಗಡಿಯೇ ಗತಿ. ಆಗ ಕಬಡ್ಡಿ ಆಡಿ ಹೊಟ್ಟೆ ಹೊರೆಯಲು ಇದ್ದದ್ದು ಒಂದೇ ದಾರಿ. ಯಾವುದಾದರೂ ಸರಕಾರಿ ಇಲಾಖೆಯ ತಂಡ ಆಟಗಾರನೆಂದು ಆರಿಸಿಕೊಳ್ಳಬೇಕು. ಮೊದಲು ಕರಾರಿನ ಮೇಲೆ ಸಂಬಳ, ಚೆನ್ನಾಗಿ ಆಡಿದರೆ ಮುಂದೆ ಖಾಯಂ. ಅಂಥ ಒಂದು ತಂಡದ ತರಬೇತುದಾರರು ಬಾಗಲಕೋಟೆಯ ಕಡೆಯಿಂದ ಮರಳುವಾಗ ಒಂದು ಭಾನುವಾರ ರೋಣದಲ್ಲಿ ಇಳಿದು ಆಟ ನೋಡಲು ಒಪ್ಪಿದ್ದರು. ಒಪ್ಪಿಸಿದವರು ಕಾಲೇಜಿನ ದೈಹಿಕ ನಿರ್ದೇಶಕರು. ಅವರನ್ನು ಊರೆಲ್ಲ ಪಿ.ಟಿ. ಸರ್ ಎಂದೇ ಕರೆಯುತ್ತಿತ್ತು.

ತೋರಿಸಲು ಒಂದು ಪಂದ್ಯ ಬೇಕಲ್ಲ. ಪಿ.ಟಿ. ಸರ್ ನರಗುಂದದ ತಂಡವನ್ನು ಕರೆಸಿದರು. ನರಗುಂದಕ್ಕೂ ರೋಣಕ್ಕೂ ಕಬಡ್ಡಿಯಲ್ಲಿ ಹಳೆಯ ಹಗೆ. ಅವರ ನಾಯಕ ಮಿಲ್ಲಿನಲ್ಲಿ ಹತ್ತಿಯ ಮೂಟೆ ಹೊರುವ ದೈತ್ಯ. ಅವನ ಕೈಗೆ ಒಮ್ಮೆ ಪಾದ ಸಿಕ್ಕರೆ ವಾಪಸು ಬರುವುದು ಕಷ್ಟವೆಂದು ನಾನೇ ಹಲವು ಸಲ ಬರೆದಿದ್ದೆ. ಆ ವಾಕ್ಯವನ್ನು ಡೆಸ್ಕು ಎಂದೂ ಕತ್ತರಿಸಿರಲಿಲ್ಲ.

ಬೆಳಿಗ್ಗೆಯೇ ಎರೆ ಮಣ್ಣಿನ ಅಂಗಳ ಅಗೆದು, ಹರಳು ಆರಿಸಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದಿದ್ದರು. ತರಬೇತುದಾರರು ಬಂದರು. ಬೆಳಗಾವಿ ಕಡೆಯವರು, ಬಲಗೈಯ ಎರಡು ಬೆರಳು ಸೊಟ್ಟಗಾಗಿದ್ದವು. ಹಾರ ಬೇಡವೆಂದು, ಕುರ್ಚಿಯನ್ನು ಗೆರೆಯ ಹತ್ತಿರಕ್ಕೆ ತಾವೇ ಎಳೆದುಕೊಂಡು ಕುಳಿತರು. ಪತ್ರಿಕೆಯವರೆಂದು ನನ್ನನ್ನು ಅವರ ಪಕ್ಕದಲ್ಲೇ ಕೂರಿಸಿದರು.

"ಏನ್ ಆಡ್ತಾನ ಹುಡುಗ?" ಎಂದು ಅವರು ಪಿ.ಟಿ. ಸರ್ ಅವರನ್ನು ಕೇಳಿದರು.

"ಎಲ್ಲಾ ಆಡ್ತಾನ್ರಿ ಸರ್."

"ಅದಲ್ರಿ. ಏನ್ ಆಡ್ತಾನ?"

"ನೀವ ನೋಡ್ರಿ ಸರ್, ಏನ್ ಆಡು ಅಂದ್ರ ಅದನ್ನ ಆಡ್ತಾನ."

ಆಟ ಶುರುವಾಯಿತು. ಮೊದಲ ದಾಳಿಯಲ್ಲೇ ಹುಡುಗ ಇಬ್ಬರನ್ನು ಮುಟ್ಟಿ ಬಂದ. ಮುಂದಿನ ದಾಳಿಯಲ್ಲಿ ಒಬ್ಬ, ಅದರ ಮುಂದಿನದರಲ್ಲಿ ಮತ್ತೆ ಇಬ್ಬರು. ಪ್ರೇಕ್ಷಕರು ಟವೆಲ್ಲು ತೂರಿದರು. ಪಿ.ಟಿ. ಸರ್ ಪ್ರತಿ ಅಂಕಕ್ಕೂ ತರಬೇತುದಾರರ ಮುಖ ನೋಡುತ್ತಿದ್ದರು. ನಾನು ನರಗುಂದದ ನಾಯಕನ ಕೈ ನೋಡುತ್ತಿದ್ದೆ. ಹುಡುಗನ ಪಾದ ಅವನ ಮೊಣಕಾಲಿನ ಹತ್ತಿರವೇ ಸುಳಿದು ಹೋದರೂ ಆ ಕೈಗಳು ಅಲುಗಲಿಲ್ಲ. ಅವನ ಜೊತೆಗಾರರು ಹಿಡಿಯಲು ಬಂದಂತೆ ಬಂದು ಜಾರಿ ಬೀಳುತ್ತಿದ್ದರು. ಒಬ್ಬನಂತೂ ಹುಡುಗ ಮುಟ್ಟುವ ಮೊದಲೇ ಹೊರಗೆ ನಡೆದುಬಿಟ್ಟ.

ತರಬೇತುದಾರರು ನನ್ನ ಕಡೆ ವಾಲಿದರು. "ಏನ್ರಿ ಪೇಪರ್‌ನವ್ರ, ಈ ನರಗುಂದದವ್ರು ಹೋಳಿಗಿ ಉಂಡ ಬಂದಾರೇನು?"

"ನಾ ಇವರನ್ನ ಭಾಳ ಸಲ ನೋಡೀನ್ರಿ. ಹಿಂಗ ಆಡಿದ್ದು ಮಾತ್ರ ನೋಡಿಲ್ಲ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ಆಧಾರವಿರಲಿಲ್ಲ.

ವಿರಾಮದ ಸೀಟಿ ಬಿದ್ದೊಡನೆ ಅವರು ಪಿ.ಟಿ. ಸರ್ ಅವರನ್ನು ಕರೆದರು. ದನಿಯೇನೂ ಸಣ್ಣದಿರಲಿಲ್ಲ.

"ಸರ, ಇದು ಮ್ಯಾಚ್ ಅಲ್ರಿ, ಮದಿವಿ. ಮದುಮಗ ಬಂದ ಅಂತ ಎಲ್ಲಾರೂ ದಾರಿ ಬಿಡಾಕತ್ತಾರ. ನಾ ಅಕ್ಷತಾ ಹಾಕಿ ಹೋಗ್ಲೇನು?"

ಪಿ.ಟಿ. ಸರ್ ಬಿಳುಚಿಕೊಂಡರು. ಅವರಿಗೆ ಇದು ಗೊತ್ತಿರಲಿಲ್ಲ ಎಂಬುದನ್ನು ಅವರ ಮುಖವೇ ಹೇಳುತ್ತಿತ್ತು. ಆ ಮಾತು ನೀರಿನ ನಳದ ಬಳಿ ನಿಂತಿದ್ದ ಹುಡುಗನಿಗೂ ಕೇಳಿಸಿತು. ಅವನು ಒದ್ದೆ ಮುಖದಲ್ಲೇ ನೇರವಾಗಿ ನರಗುಂದದವರು ಕುಳಿತಿದ್ದಲ್ಲಿಗೆ ನಡೆದ. ನಾನೂ ಹಿಂದೆ ಹೋದೆ.

"ಅಣ್ಣಾ, ಯಾಕ ಹಿಂಗ ಮಾಡಾಕತ್ತೀರಿ?"

"ಏನ್ ಮಾಡೀವೋ ತಮ್ಮಾ?" ಎಂದ ನಾಯಕ, ಚುರುಮುರಿ ಮೇಯುತ್ತ.

"ಬಿಡಾಕತ್ತೀರಲ್ಲ ನನ್ನ."

"ನಿಂಗ ನೌಕರಿ ಸಿಗ್ಲಿ ಅಂತೋ ಹುಚ್ಚಪ್ಪ! ಬರೂ ಮುಂದ ಟೆಂಪೋದಾಗ ಎಲ್ಲಾರೂ ಕೂಡಿ ಮಾತಾಡ್ಕೊಂಡ ಬಂದೀವಿ. ಇವತ್ತೊಂದಿನ ಇವನ ಕಾಲ ಯಾರೂ ಹಿಡೀಬಾರದು ಅಂತ."

"ನೀವು ಹಿಡೀಲಿಲ್ಲಂದ್ರ ಅವರು ನೌಕರಿ ಕೊಡೂದಿಲ್ಲಣ್ಣ. ಎದ್ದ ಹೊಂಟಾರ ನೋಡ್ರಿ ಅಲ್ಲಿ."

ನಾಯಕ ಚುರುಮುರಿಯ ಪೊಟ್ಟಣ ಮಡಚಿದ. "ಹಿಡೀಲೇನು ಹಂಗಾರ?"

"ಹಿಡೀರಿ."

"ನಾ ಹಿಡದ್ರ ಬಿಡೂದಿಲ್ಲ ಮತ್ತ. ಆಮ್ಯಾಲ ಅಣ್ಣಾ ಅನಬ್ಯಾಡ."

ಹುಡುಗ ತರಬೇತುದಾರರ ಬಳಿ ಹೋಗಿ, "ಸರ್, ಅರ್ಧಾ ಆಟ ನೋಡೀರಿ, ಇನ್ನರ್ಧಾ ನೋಡಿ ಹೋಗ್ರಿ" ಎಂದಷ್ಟೇ ಕೇಳಿಕೊಂಡ. ಅವರು ಕುಳಿತರು.

ಎರಡನೆಯ ಅರ್ಧದ ಮೊದಲ ದಾಳಿಯಲ್ಲೇ ಹುಡುಗನ ಪಾದ ನಾಯಕನ ಕೈಗೆ ಸಿಕ್ಕಿತು. ಮೇಲೆ ಉಳಿದವರೆಲ್ಲ ಬಿದ್ದರು. ಧೂಳು ಇಳಿದಾಗ ಮಧ್ಯದ ಗೆರೆ ಅವನ ಬೆರಳಿಗೆ ಇನ್ನೂ ಮಾರು ದೂರವಿತ್ತು. ಪ್ರೇಕ್ಷಕರಲ್ಲಿ ಒಬ್ಬ ನಾಯಕನಿಗೆ, "ಏ ದೈತ್ಯಾ, ಹುಡುಗನ ಅನ್ನಕ್ಕ ಮಣ್ಣ ಹಾಕಾಕತ್ತಿಯಲ್ಲೋ!" ಎಂದು ಕೂಗಿದ. ನಾಯಕ ಎದ್ದು ಚಡ್ಡಿ ಕೊಡವಿ, "ಅವನ ಕೇಳ್ಯಾನಪ್ಪಾ, ನನ್ನ ಬೈಬ್ಯಾಡ್ರಿ!" ಎಂದ. ಹೊರಗೆ ಕುಳಿತ ಹುಡುಗ ಸ್ವಲ್ಪ ಹೊತ್ತಿಗೆ ಒಳಗೆ ಬಂದ, ಮತ್ತೆ ದಾಳಿಗೆ ಹೋದ, ಮತ್ತೆ ಸಿಕ್ಕಿಬಿದ್ದ. ಮೊದಲ ಅರ್ಧದ ಮುನ್ನಡೆ ಕರಗುತ್ತ ಬಂತು. ಪಿ.ಟಿ. ಸರ್ ಅಂಗಳದ ಕಡೆ ನೋಡುವುದನ್ನು ಬಿಟ್ಟು ಗುಡ್ಡ ನೋಡುವವರಂತೆ ದೂರ ನೋಡತೊಡಗಿದರು.

ನಾನು ಈಗ ತರಬೇತುದಾರರನ್ನು ಗಮನಿಸುತ್ತಿದ್ದೆ. ಹುಡುಗ ದಾಳಿಗೆ ಹೋದಾಗ ಅವರು ಚಹಾ ಕುಡಿಯುತ್ತಿದ್ದರು. ಅವನು ತನ್ನ ಅಂಗಳದಲ್ಲಿ ನಿಂತಾಗ ಲೋಟವನ್ನು ನೆಲಕ್ಕಿಟ್ಟು ಮುಂದಕ್ಕೆ ಬಾಗುತ್ತಿದ್ದರು. ಪಿ.ಟಿ. ಸರ್ ಅವನನ್ನು ಆಗ ಎಡಗಡೆಯ ಕವರ್‌ನಲ್ಲಿ ನಿಲ್ಲಿಸಿದ್ದರು. ಮೂಲೆಯವನಿಗೂ ನಡುವಿನವನಿಗೂ ಮಧ್ಯೆ ನಿಲ್ಲುವ ಆ ಜಾಗಕ್ಕೆ ಹೆಸರೂ ಕಡಿಮೆ, ಫೋಟೋವಂತೂ ಇಲ್ಲವೇ ಇಲ್ಲ. ನರಗುಂದದ ನಾಯಕ ತಾನೇ ದಾಳಿಗೆ ಬಂದ. ಹುಡುಗ ಅಲುಗದೆ ನಿಂತಿದ್ದ. ದೈತ್ಯ ಮೂಲೆಯವನ ಕಡೆ ಕೈ ಚಾಚಿ, ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಹಾಕಿದ ಗಳಿಗೆಗೆ ಹುಡುಗ ಭುಜ ಕೊಟ್ಟು ನುಗ್ಗಿದ. ದೈತ್ಯ ಗೆರೆ ದಾಟಿ ಜನರ ಮಡಿಲಿಗೆ ಬಿದ್ದ. ಸ್ವಲ್ಪ ಹೊತ್ತಿನ ನಂತರ ಅದೇ ದೈತ್ಯ ಇನ್ನೊಂದು ಕಡೆಯಿಂದ ಬಂದ. ಆಗಲೂ ಅದೇ ಕಾಯುವಿಕೆ, ಅದೇ ಭುಜ.

ಕೊನೆಗೆ ರೋಣ ಸೋತಿತು. ತರಬೇತುದಾರರು ಹುಡುಗನನ್ನು ಕರೆದರು.

"ಇವ ಕವರ್" ಎಂದರು ಪಿ.ಟಿ. ಸರ್‌ಗೆ.

"ರೇಡ್‌ನೂ ಭಾಳ ಚಲೋ ಮಾಡ್ತಾನ್ರಿ ಸರ್, ಇವತ್ತ ಯಾಕೋ..."

"ಇಂಥಾ ರೇಡ್ ಮಾಡಾವ್ರು ತಾಲೂಕಿಗೆ ನಾಕ ಮಂದಿ ಸಿಗತಾರ್ರಿ. ಹಿಂಗ ಕಾದು ನಿಂದ್ರಾವ ಜಿಲ್ಲಾಕ್ಕೊಬ್ಬ ಸಿಗೂದಿಲ್ಲ." ಆಮೇಲೆ ಹುಡುಗನ ಕಡೆ ತಿರುಗಿದರು. "ನಮ್ಮ ಕ್ಯಾಂಪಿಗೆ ಬಾ. ಆದ್ರ ಕವರ್ ಅಂತ ಬರಬೇಕು. ರೇಡ್ ಮರ್ತ ಬಿಡಬೇಕು. ಆಸೆಕ್ಕ ಒಮ್ಮೆ ಹೋದಿ ಅಂದ್ರ ಊರ ಬಸ್ ಹತ್ತಸ್ತೀನಿ. ಆಗ್ತದೇನು?"

ಹುಡುಗ ಬಹಳ ಹೊತ್ತು ಸುಣ್ಣದ ಗೆರೆಯನ್ನೇ ನೋಡಿದ. ಅವನು ಒಪ್ಪುವುದಿಲ್ಲವೆಂದು ನನಗೆ ಅನಿಸಿತು.

"ನಿಂದ್ರತೀನ್ರಿ ಸರ್" ಎಂದ.

ಕ್ಯಾಂಪಿನಲ್ಲಿ ಅವನನ್ನು ಉಳಿಸಿಕೊಂಡರು, ಕರಾರಿನ ನೌಕರಿಯೂ ಸಿಕ್ಕಿತು. ನಾನು ನಾಲ್ಕು ಸಾಲು ಬರೆದೆ. 'ಎಡ ಕವರ್' ಎಂದೇ ಬರೆದೆ, ಡೆಸ್ಕಿನಿಂದ ಫೋನು ಬರಲಿಲ್ಲ.

ಮರುವರ್ಷ ಆ ತಂಡ ಹುಬ್ಬಳ್ಳಿಯಲ್ಲಿ ಆಡಲು ಬಂದಾಗ ನರಗುಂದದ ನಾಯಕನೂ ನಾನೂ ಕೂಡಿ ಹೋಗಿದ್ದೆವು. ಒಂದು ಹಂತದಲ್ಲಿ ಅವರ ದಾಳಿಗಾರರೆಲ್ಲ ಔಟಾಗಿ, ಅಂಗಳದಲ್ಲಿ ನಮ್ಮ ಹುಡುಗನೂ ಒಬ್ಬ ಮೂಲೆಯವನೂ ಮಾತ್ರ ಉಳಿದರು. ಯಾರಾದರೂ ದಾಳಿಗೆ ಹೋಗಲೇಬೇಕು. ಮೂಲೆಯವನ ಕಾಲು ಉಳುಕಿತ್ತು. ಹುಡುಗ ಬೆಂಚಿನ ಕಡೆ ನೋಡಿದ. ತರಬೇತುದಾರರು ಹೋಗು ಎಂಬಂತೆ ತಲೆಯಾಡಿಸಿದರು.

"ಹೋಗೋ ಹುಲಿಯಾ! ಹೋಗು!" ಎಂದು ನಾಯಕ ಕುರ್ಚಿಯ ಮೇಲೆ ಹತ್ತಿ ನಿಂತ.

ಹುಡುಗ ದಾಳಿಗೆ ಹೋದ, ಆದರೆ ಎಡಗೈ ಸೊಂಟಕ್ಕೆ ಹೋಗಲಿಲ್ಲ. ನಿಯಮದಂತೆ ದಾಟಲೇಬೇಕಾದ ಗೆರೆಯನ್ನು ದಾಟಿದ. ಎದುರಾಳಿಯ ಮೂಲೆಯವನೊಬ್ಬ ಎಡವಿ ಒಂದು ಹೆಜ್ಜೆ ಮುಂದೆ ಬಂದಿದ್ದ. ಕೈ ಚಾಚಿದರೆ ಅಂಕ ಸಿಗುವಷ್ಟು ಹತ್ತಿರ. ಹುಡುಗ ಅವನನ್ನು ನೋಡಿದ್ದು ನಮಗೆ ಕಂಡಿತು. ನೋಡಿ, ತಿರುಗಿ, ಬರಿಗೈಯಲ್ಲಿ ತನ್ನ ಅಂಗಳಕ್ಕೆ ಬಂದು ಎಡಗಡೆ ತನ್ನ ಜಾಗದಲ್ಲಿ ನಿಂತುಕೊಂಡ. ತರಬೇತುದಾರರು ಚಪ್ಪಾಳೆ ತಟ್ಟಿದರು. ಇಡೀ ಮೈದಾನದಲ್ಲಿ ಅದೊಂದೇ ಚಪ್ಪಾಳೆ.

ನಾಯಕ ಕುರ್ಚಿಯಿಂದ ನಿಧಾನವಾಗಿ ಇಳಿದ.

"ಇವನ ನೌಕರಿ ಖಾಯಂ ಆತ ಬಿಡ್ರಿ" ಎಂದ.