ಸ್ಕ್ಯಾನ್ ಕೋಣೆಯಲ್ಲಿ ಹಣೆ ಮುಟ್ಟಿದ ಕೈ

ಗಂಟು ಎಲ್ಲಿಗೂ ಹರಡಿಲ್ಲ! ಗರ್ಭಕೋಶದ ಬಾಯಿಯಲ್ಲೇ ಇದೆ, ಆಪರೇಷನ್ ಮಾಡಿ ತೆಗೆಯಬಹುದು ಎಂದು ತುಮಕೂರಿನ ಡಾಕ್ಟರಮ್ಮ ನನ್ನ ಸ್ಕ್ಯಾನ್ ನೋಡಿ ಇವತ್ತು ಬೆಳಿಗ್ಗೆ ಹೇಳಿದರು. ಬಸ್ಸು ಗುಬ್ಬಿ ದಾಟುವಷ್ಟರಲ್ಲಿ ಹಿಂದೆಮುಂದೆ ಕೂತವರಿಗೆಲ್ಲ ಸುದ್ದಿ ಹೇಳಿ ಮುಗಿಸಿದ್ದೆ. ನಿಟ್ಟೂರಿನ ಮನೆಗೆ ಬಂದು ಮೊಮ್ಮಕ್ಕಳನ್ನು ತಬ್ಬಿಕೊಂಡು ಅತ್ತೂ ಬಿಟ್ಟೆ. ಆದರೆ ಸ್ಕ್ಯಾನ್ ದಿನ ನಡೆದ ಒಂದು ಸಂಗತಿ ಇನ್ನೂ ನನ್ನನ್ನು ಬಿಟ್ಟಿಲ್ಲ. ನಿಮಗೆ ಹೇಳಿಬಿಡುತ್ತೇನೆ.

ನಾನು ಓದಿದ್ದು ಕಡಿಮೆ. ಆದರೂ ದೆವ್ವ, ಗಾಳಿ ಅನ್ನುವವರನ್ನು ಕಂಡರೆ ನಗುತ್ತಿದ್ದವಳು. ನನಗೆ ಅನುಮಾನ ಇದ್ದದ್ದು ಬದುಕಿರುವವರ ಮೇಲೆ. ಕ್ಯಾನ್ಸರ್ ಎಂದು ಗೊತ್ತಾದ ಮೇಲಂತೂ, ಸೊಸೆ ಸಾವಿತ್ರಿ ಫೋನು ಹಿಡಿದು ಹಿತ್ತಲಿಗೆ ಹೋದರೆ ಸಾಕು, ಏನೋ ಮುಚ್ಚಿಡುತ್ತಿದ್ದಾಳೆ ಅನ್ನಿಸುತ್ತಿತ್ತು.

“ಕಾಯ್ಲೆ ಯಾವ್ದು ಅಂತ ಗೊತ್ತಾಯ್ತಲ್ಲ, ಇನ್ಯಾತಕ್ಕೆ ಈ ಎಂಆರ್‌ಐ?” ಎಂದೆ.

“ಎಲ್ಲೀಗಂಟ ಹೋಗ್ಯದೆ ಅಂತ ನೋಡ್ಬೇಕಂತೆ ಅತ್ತೆ. ಅಲ್ಲೇ ಇದ್ರೆ ಆಪರೇಷನ್ನು, ಪಕ್ಕಕ್ಕೆ ಹರಡಿದ್ರೆ ಕರೆಂಟು ಕೊಡೋದು, ಅದೇ ರೇಡಿಯೇಷನ್ನು. ಸುಮ್ಕೆ ಬನ್ನಿ.”

ಸ್ಕ್ಯಾನ್ ಕೋಣೆಗೆ ಲೋಹದ ಚೂರೂ ಹೋಗಬಾರದಂತೆ. ತಾಳಿ ಬಿಚ್ಚಬೇಕಾಯಿತು. ಕೊರಳು ಬರಿದಾಗಿರಬಾರದೆಂದು ನಮ್ಮ ಯಜಮಾನರು ಹಳದಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ, ಆ ಬಾಗಿಲಲ್ಲೇ ನನ್ನ ಕೊರಳಿಗೆ ಹಾಕಿದರು. “ಎರಡ್ನೇ ಮದ್ವೆನೂ ಆಯ್ತು ಬುಡು” ಎಂದು ನಗಿಸಿದರು.

ಒಳಗೆ ಮಲಗಿಸಿ, ಕಿವಿ ಮುಚ್ಚಿ, ಮೈಗೆ ಪಟ್ಟಿ ಬಿಗಿದು, ಕಾಲಿನ ಕಡೆಯಿಂದ ಮಿಷನ್ನಿನೊಳಕ್ಕೆ ತಳ್ಳಿದರು. ಅದರ ಬಡಿತಕ್ಕೆ ಬೆಚ್ಚಿ ಒದ್ದಾಡಿದೆ. ಸ್ಕ್ಯಾನ್ ಮಾಡುವ ಹುಡುಗಿ ಬಂದು ಗದರಿದಳು. “ಫೋಟೊ ಎಲ್ಲಾ ಕಲಸೋಯ್ತು ಅಜ್ಜಿ. ಹಿಂಗೆ ಅಲ್ಲಾಡಿದ್ರೆ ಹರಡಿದ್ಯೋ ಇಲ್ವೋ ಹೆಂಗ್ ಕಾಣ್ಬೇಕು?” ಬಾಗಿಲು ಹಾಕಿಕೊಂಡು ಹೋದಳು.

ಮತ್ತೆ ಬಡಿತ ಶುರುವಾಯಿತು. ಕೂಗಿಕೊಂಡು ಎದ್ದುಬಿಡೋಣ ಅನ್ನಿಸಿದ ಹೊತ್ತಿಗೆ ನನ್ನ ಹಣೆಯ ಮೇಲೆ ಯಾರೋ ಅಂಗೈ ಇಟ್ಟರು. ತಣ್ಣನೆಯ ಕೈ. ಬೆರಳಿನ ಉಂಗುರ ಹಣೆಗೆ ಒತ್ತುತ್ತಿತ್ತು. ಸಾವಿತ್ರಿ ಬಂದಳು ಎಂದುಕೊಂಡು ಕಣ್ಣು ತೆರೆಯಲಿಲ್ಲ. ಮುಗಿಯುವ ತನಕ ಆ ಕೈ ತೆಗೆಯಲಿಲ್ಲ, ನಾನು ಮಿಸುಕಲಿಲ್ಲ.

ಹೊರಗೆ ಬಂದವಳೇ ಸೊಸೆಯನ್ನು ಹಿಡಿದೆ. “ನೀನೇ ತಾನೇ ಒಳಕ್ಕೆ ಬಂದಿದ್ದು?”

“ಉಂಗ್ರ ಹಾಕ್ಕೊಂಡಿರೋಳ್ನ ಆ ಬಾಗ್ಲತ್ರಾನೂ ಬುಡಲ್ಲ ಅತ್ತೆ!”

ಹುಡುಗಿಯನ್ನು ಕೇಳಿದೆ. ಗಾಜಿನಾಚೆಯಿಂದ ನೋಡುತ್ತಲೇ ಇದ್ದೆ, ಒಳಗೆ ನೀವೊಬ್ಬರೇ ಇದ್ದದ್ದು ಎಂದಳು. ಇಬ್ಬರೂ ಸೇರಿಕೊಂಡು ಸುಳ್ಳು ಹೇಳುತ್ತಿದ್ದಾರೋ ಏನೋ. ಭಯಕ್ಕೆ ಹಾಗನ್ನಿಸಿತು ಎನ್ನುತ್ತಾರೆ ಯಜಮಾನರು. ಭಯ ಉಂಗುರ ಹಾಕಿಕೊಂಡಿರುತ್ತದೆಯೇ? ಎಷ್ಟು ಯೋಚಿಸಿದರೂ ನನಗೆ ತಿಳಿಯುತ್ತಿಲ್ಲ.

ಇವತ್ತು ಸಂಜೆ ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಕೂತು ಮುದ್ದೆ, ಬಸ್ಸಾರು ಉಂಡೆವು. ಮುದ್ದೆ ಮುರಿಯುವ ಕೈಗಳನ್ನೇ ಒಂದೊಂದಾಗಿ ನೋಡುತ್ತಿದ್ದೆ.

“ಏನೇ ಹಂಗ್ ನೋಡ್ತೀಯ? ನಿನ್ ಮುದ್ದೆ ಯಾರೂ ಕದಿಯಲ್ಲ, ಉಣ್ಣು” ಎಂದರು ಯಜಮಾನರು.

ಎಲ್ಲರೂ ನಕ್ಕರು. ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.