ಚಕ್ರವರ್ತಿಯ ಧರ್ಮಕ್ಕೊಂದು ಹಸಿರು ಟಿಕ್

2022ರಲ್ಲಿ ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಆನ್‌ಲೈನ್ ಪಾಠದ ಕಂಪನಿಯಲ್ಲಿ ಇತಿಹಾಸದ ‘ಸಬ್ಜೆಕ್ಟ್ ಎಕ್ಸ್‌ಪರ್ಟ್’ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಬೇರೆಯವರು ಬರೆದ ಪಾಠಗಳಲ್ಲಿ ತಪ್ಪು ಹುಡುಕುವುದು. ಆನೇಕಲ್ಲಿನ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳಿಗೆ ಅದೇನೂ ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಅಲ್ಲಿನ ಒಂದು ನಿಯಮ. ಪ್ರತಿ ಪಾಠವೂ ಆರು ನಿಮಿಷದ ವಿಡಿಯೊ. ಕೊನೆಗೆ ಪ್ರಶ್ನೆಗಳು. ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ, ಸರಿಯುತ್ತರ ಒಂದೇ. ಮಗು ಅದನ್ನು ಒತ್ತಿದರೆ ಹಸಿರು ಟಿಕ್ ಮೂಡಿ ಚಪ್ಪಾಳೆ ಕೇಳಿಸುತ್ತದೆ. ಇತಿಹಾಸದಲ್ಲಿ ಚಪ್ಪಾಳೆ ತಟ್ಟುವಂಥ ಉತ್ತರ ಬಹಳ ಕಡಿಮೆ ಎಂದು ನಾನು ಗೊಣಗುತ್ತಲೇ ಇರುತ್ತಿದ್ದೆ.

ಪಾಠ ಬರೆಯುವವರಲ್ಲಿ ನಿರ್ಮಲಾ ಎಂಬಾಕೆ ನನಗೆ ಹತ್ತಿರವಾಗಿದ್ದಳು. ಅತ್ತಿಬೆಲೆ ಕಡೆಯ ರೈತರ ಮನೆಯ ಮಗಳು, ಮೂವತ್ತು ದಾಟಿತ್ತು. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನ ಪಾಠ ಅವಳ ಪಾಲಿಗೆ ಬಂತು. ಕ್ರೈಸ್ತರ ಮೇಲಿನ ಹಿಂಸೆ ನಿಲ್ಲಿಸಿ, ಕ್ರಿ.ಶ. 313ರಲ್ಲಿ ಅವರಿಗೆ ಧರ್ಮಪಾಲನೆಯ ಸ್ವಾತಂತ್ರ್ಯ ಕೊಟ್ಟವನು ಅವನು. ಆದರೆ ಅದಾದ ಮೇಲೂ ವರ್ಷಗಟ್ಟಲೆ ಅವನ ನಾಣ್ಯಗಳ ಮೇಲೆ ಸೂರ್ಯದೇವನೇ ಇದ್ದ. ಹಳೆಯ ದೇವರುಗಳ ಪ್ರಧಾನ ಪುರೋಹಿತ ಎಂಬ ಬಿರುದನ್ನು ಅವನು ಬಿಡಲಿಲ್ಲ. ಕ್ರೈಸ್ತನಾಗುವ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದು 337ರಲ್ಲಿ, ಸಾಯುವ ಮುಂಚೆ. ನಿರ್ಮಲಾ ಕೊನೆಯಲ್ಲಿ ಬರೆದಿದ್ದಳು: ‘ನಡುವಿನ ವರ್ಷಗಳಲ್ಲಿ ಅವನ ಮನಸ್ಸಿನಲ್ಲಿ ಯಾವ ದೇವರಿದ್ದನೋ ನಮಗೆ ತಿಳಿಯದು.’ ನನ್ನ ಕೆಂಪು ಶಾಯಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ.

ಅವತ್ತು ಕ್ಯಾಂಟೀನಿನಲ್ಲಿ ಅವಳು ಕೇಳಿದಳು: “ಎರಡು ಕಡೆನೂ ಅವ್ನು ನಿಜವಾಗ್ಲೂ ಕೈ ಮುಗ್ದಿರ್ಬೋದಲ್ವಾ ಮೇಡಂ? ನಂಗಂತೂ ಹಂಗೇ ಆಗುತ್ತೆ.”

ಆಮೇಲೆ ಎಲ್ಲ ಹೇಳಿದಳು. ಗಂಡ ಸ್ಟೀಫನ್. ಅವನ ಜೊತೆ ಭಾನುವಾರ ಚರ್ಚಿಗೆ ಹೋಗುತ್ತಾಳೆ, ಹಾಡುತ್ತಾಳೆ. ಅದು ಅವಳ ತಾಯಿಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ ತಾಯಿಯ ಜೊತೆ ಊರ ಮಾರಮ್ಮನಿಗೆ ತಂಬಿಟ್ಟಿನ ದೀಪ ಒಯ್ಯುತ್ತಾಳೆ. ಅದು ಚರ್ಚಿನವರಿಗೆ ಗೊತ್ತಿಲ್ಲ. ದೀಕ್ಷಾಸ್ನಾನ ಆಗಿಲ್ಲ. “ಅಮ್ಮ ಇರೋವರ್ಗೂ ಬೇಡ ಅಂದ್ಕೊಂಡಿದೀನಿ. ಸ್ಟೀಫನ್ ಬಲವಂತ ಮಾಡಲ್ಲ.” ಅವನು ಕೆಲಸ ಮಾಡುತ್ತಿದ್ದ ಅತ್ತಿಬೆಲೆಯ ಕಾರ್ಖಾನೆ ಮುಚ್ಚಿತ್ತು. ಮನೆ ನಡೆಯುತ್ತಿದ್ದುದು ಇವಳ ಸಂಬಳದಲ್ಲಿ.

ತೊಂದರೆ ಶುರುವಾಗಿದ್ದು ಪ್ರಶ್ನೆಯಿಂದ. ‘ಕಾನ್‌ಸ್ಟಂಟೈನನ ಧರ್ಮ ಯಾವುದು?’ ಎಂಬುದಕ್ಕೆ ನಿರ್ಮಲಾ ‘ಖಚಿತವಾಗಿ ಹೇಳಲಾಗದು’ ಎಂಬುದನ್ನೇ ಸರಿಯುತ್ತರ ಮಾಡಿದ್ದಳು. ಮ್ಯಾನೇಜರ್ ಪ್ರದೀಪ್ ಒಪ್ಪಲಿಲ್ಲ. ಕೆಟ್ಟ ಮನುಷ್ಯನಲ್ಲ, ನನಗೆ ಕುರ್ಚಿ ಎಳೆದುಕೊಡುತ್ತಿದ್ದ ಹುಡುಗ. “ಮೇಡಂ, ‘ಗೊತ್ತಿಲ್ಲ’ ಅನ್ನೋದು ಕರೆಕ್ಟ್ ಆನ್ಸರ್ ಆದ್ರೆ ಪೇರೆಂಟ್ಸ್ ನಮ್ಮನ್ನ ನೋಡಿ ನಗ್ತಾರೆ,” ಎಂದ. ನಾನು ಅರ್ಧ ದಿನ ವಾದ ಮಾಡಿ ಸೋತೆ. ಹಸಿರು ಟಿಕ್ ‘ಕ್ರೈಸ್ತ’ದ ಮೇಲೆ ಕೂತಿತು. ವಿಡಿಯೊದಲ್ಲಿ ನಿರ್ಮಲಾಳ ವಾಕ್ಯ ಹಾಗೇ ಉಳಿಯಿತು.

ಪಾಠ ಒಂದು ಹೇಳುತ್ತಿತ್ತು, ಟಿಕ್ ಇನ್ನೊಂದು. ಎರಡು ಕಡೆಯಿಂದಲೂ ದೂರು ಬಂತು. ನಾವು ಗೌರವಿಸುವ ಚಕ್ರವರ್ತಿಯ ನಂಬಿಕೆಯನ್ನೇ ಅನುಮಾನಿಸುತ್ತೀರಾ ಎಂದು ಕೆಲವು ಪೋಷಕರು. ಮಕ್ಕಳಿಗೆ ಮತಾಂತರ ಕಲಿಸುತ್ತೀರಾ ಎಂದು ಇನ್ನು ಕೆಲವರು. ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಮ್ಮತ: ಇದನ್ನು ಬರೆದವರು ಯಾರು, ಅವರ ಧರ್ಮ ಯಾವುದು?

ದೂರು ಬಂದ ಮಾರನೆಯ ಬೆಳಿಗ್ಗೆ ಪ್ರದೀಪ್ ನಿರ್ಮಲಾಳನ್ನು ಕರೆದ. ನಾನೂ ಹಿಂದೆಯೇ ಹೋದೆ.

“ಒಂದು ಚಿಕ್ಕ ವಿಡಿಯೊ ಮಾಡ್ಬಿಡಿ ನಿರ್ಮಲಾ. ‘ನಾನು ಇಂಥ ಧರ್ಮದವಳು, ಯಾರನ್ನೂ ನೋಯ್ಸೋ ಉದ್ದೇಶ ಇರ್ಲಿಲ್ಲ’ ಅಂದ್ರೆ ಸಾಕು. ಯಾವ್ದು ಅಂತ ನೀವೇ ಡಿಸೈಡ್ ಮಾಡಿ, ಕಂಪನಿಗೆ ಎರಡೂ ಓಕೆ. ಲಂಚ್ ಒಳಗೆ ಕಳಿಸ್ಬೇಕು.”

“ಪಾಠ ಪಾಸು ಮಾಡಿದವಳು ನಾನು. ಕ್ಷಮೆ ನಾನು ಕೇಳ್ತೀನಿ,” ಎಂದೆ.

“ನೀವು ಕನ್ಸಲ್ಟೆಂಟ್ ಮೇಡಂ. ಅವ್ರಿಗೆ ಬರೆದವ್ರೇ ಬೇಕಂತೆ.”

ಹೊರಗೆ ಬಂದು ಅವಳ ಕೈ ಹಿಡಿದು, ಮಾಡಬೇಡ ಎಂದೆ. “ಮಾಡಲ್ಲ ಅಂದ್ರೆ ಕೆಲ್ಸ ಹೋಗುತ್ತೆ ಮೇಡಂ. ಸ್ಟೀಫನ್‌ಗೆ ಇನ್ನೂ ಎಲ್ಲೂ ಸಿಕ್ಕಿಲ್ಲ. ಏನೋ ಒಂದು ಹೇಳ್ಬಿಡ್ತೀನಿ,” ಎಂದಳು. ರೆಕಾರ್ಡಿಂಗ್ ಕೋಣೆಯ ಗಾಜಿನಾಚೆ ನಿಂತು ನೋಡಿದೆ. ಅವಳು ‘ಹಿಂದೂ’ ಎಂದಳು. ಅದು ಸುಳ್ಳಲ್ಲ. ಅಷ್ಟನ್ನೇ ಹೇಳಿದರೆ ಪೂರ್ತಿ ನಿಜವೂ ಅಲ್ಲ.

ದೂರು ಕೊಟ್ಟವರಿಗಷ್ಟೇ ಎಂದು ಪ್ರದೀಪ್ ಹೇಳಿದ್ದ ವಿಡಿಯೊ ಸಂಜೆಯೊಳಗೆ ಫೋನಿನಿಂದ ಫೋನಿಗೆ ಹೋಯಿತು. ಯಾರೋ ಅವಳ ಗುರುತು ಹಿಡಿದು, ಹಿಂದಿನ ಕ್ರಿಸ್‌ಮಸ್‌ನಲ್ಲಿ ಅವಳು ಹಾಡುತ್ತಿದ್ದ ಫೋಟೊವನ್ನು ಪಕ್ಕದಲ್ಲಿಟ್ಟು ‘ಮೋಸಗಾರ್ತಿ’ ಎಂದು ಹಾಕಿದರು. ವಿಡಿಯೊ ಚರ್ಚಿನವರಿಗೆ ತಲುಪಿತು, ಫೋಟೊ ತಾಯಿಗೆ ತಲುಪಿತು. ಮುಂದಿನ ತಿಂಗಳು ಕಂಪನಿ ‘ಟೀಮ್ ರೀಸ್ಟ್ರಕ್ಚರಿಂಗ್’ ಎಂದು ಅವಳನ್ನು ತೆಗೆದುಹಾಕಿತು. ಯಾವ ಕೆಲಸ ಉಳಿಸಿಕೊಳ್ಳಲು ಬಾಯಿಬಿಟ್ಟಳೋ ಆ ಕೆಲಸವೂ ಉಳಿಯಲಿಲ್ಲ. ನಾನೂ ಬಿಟ್ಟೆ. ಪಿಂಚಣಿ ಬರುವವಳು ಬಿಟ್ಟರೆ ಅದೇನು ದೊಡ್ಡ ತ್ಯಾಗ? ಅವಳಿಗೆ ಅದರಿಂದ ಮೂರು ಕಾಸಿನ ಉಪಯೋಗವಾಗಲಿಲ್ಲ.

ಕಳೆದ ವರ್ಷ ಆನೇಕಲ್ ಮಾರುಕಟ್ಟೆಯಲ್ಲಿ ಸಿಕ್ಕಳು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಪರೀಕ್ಷಿಸುವ ಕೆಲಸವಂತೆ. ತಾಯಿ ಮಾತಾಡುತ್ತಾಳೆ, ಆದರೆ ದೀಪದ ತಟ್ಟೆ ಮುಟ್ಟಗೊಡುವುದಿಲ್ಲ. ಚರ್ಚಿನಲ್ಲಿ ಯಾರೂ ಬರಬೇಡ ಎನ್ನಲಿಲ್ಲ. ಅವಳು ಕೂತ ಬೆಂಚಿನಲ್ಲಿ ಮಾತ್ರ ಬೇರೆ ಯಾರೂ ಕೂರಲಿಲ್ಲ.

“ಈಗ ಭಾನುವಾರ ಏನ್ಮಾಡ್ತೀಯಮ್ಮ?”

“ಸ್ಟೀಫನ್ ಒಬ್ನೇ ಹೋಗ್ತಾನೆ. ನಾನು ಬಟ್ಟೆ ಒಗೀತೀನಿ ಮೇಡಂ.”

ಸೊಪ್ಪಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟುಹೋದಳು.

ಅಷ್ಟು ವರ್ಷ ಕಾಲೇಜಿನಲ್ಲಿ ಕಾನ್‌ಸ್ಟಂಟೈನನ ಪಾಠ ಮಾಡುವಾಗ, ಅವನು ದೀಕ್ಷಾಸ್ನಾನಕ್ಕೆ ಯಾಕೆ ಅಷ್ಟು ತಡ ಮಾಡಿದ ಎಂದು ಮಕ್ಕಳನ್ನು ಕೇಳುತ್ತಿದ್ದೆ. ಎಲೆಕ್ಟ್ರಾನಿಕ್ ಸಿಟಿಯ ಆ ಕೆಲಸ ನನಗೆ ಕಲಿಸಿದ್ದೇನೆಂದರೆ ನಾನು ಕೇಳಬೇಕಿದ್ದ ಪ್ರಶ್ನೆ ಅದಲ್ಲ, ಅಷ್ಟು ತಡ ಮಾಡಲು ಅವನನ್ನು ಬಿಟ್ಟವರು ಯಾರು ಎಂಬುದು. ಅವನು ಚಕ್ರವರ್ತಿ, ಉತ್ತರ ಹೇಳಲು ಅವನಿಗೆ ಸಾಯುವವರೆಗೂ ಸಮಯವಿತ್ತು. ನಿರ್ಮಲಾಗೆ ಸಿಕ್ಕಿದ್ದು ಮಧ್ಯಾಹ್ನದ ಊಟದವರೆಗೆ.