ಒರಗುದಿಂಬಿನ ಹೊಟ್ಟೆಯಲ್ಲಿದ್ದ ಶಾಲು

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಹತ್ತಿಯಕ್ಕ ಎಂದು. ತಲೆಗೂದಲಲ್ಲಿ, ಹುಬ್ಬಿನಲ್ಲಿ, ತೋಳಿನ ಮೇಲೆ ಸದಾ ಹತ್ತಿಯ ಎಳೆಗಳು ಅಂಟಿಕೊಂಡೇ ಇರುತ್ತಿದ್ದವು. ಹೆಸರು ಕೇಳಿ ಮೆತ್ತಗಿನ ಹೆಂಗಸು ಎಂದುಕೊಂಡು ಹತ್ತಿರ ಹೋದವರು ಮಾತ್ರ ಕೈ ಸುಟ್ಟುಕೊಂಡೇ ಬಂದಿದ್ದಾರೆ. ಅವಳ ಬಾಯಿಗೂ ಅವಳ ಕತ್ತರಿಗೂ ಒಬ್ಬನೇ ಸಾಣೆ ಹಿಡಿಯುತ್ತಾನೆ ಎಂದು ಬೀದಿಯವರು ಹೇಳುತ್ತಿದ್ದರು.

ಗಂಡ ಹಾಸಿಗೆ ಹೊಲಿಯುತ್ತಿದ್ದವನು. ಅವನು ತೀರಿಕೊಂಡ ಮೇಲೆ ಅವನ ದಬ್ಬಣ, ಅವನ ಗಿರಾಕಿಗಳು, ಹಿಂದಿನ ಕೋಣೆಯಲ್ಲಿ ಅವನು ಪೇರಿಸಿಟ್ಟಿದ್ದ ಚಿಂದಿಯ ಮೂಟೆಗಳು ಎಲ್ಲ ಅವಳ ಪಾಲಿಗೆ ಬಂದವು. ತಾಳ್ಮೆಯೊಂದನ್ನು ಮಾತ್ರ ಅವನು ಜೊತೆಗೇ ತೆಗೆದುಕೊಂಡು ಹೋದ. ಹಾಸಿಗೆ, ದಿಂಬು, ಕುರ್ಚಿಯ ಮೆತ್ತೆ, ಏನು ಕೊಟ್ಟರೂ ಹೊಲಿಯುತ್ತಿದ್ದಳು. ಬರೀ ಹತ್ತಿ ತುಂಬಿದರೆ ನಾಲ್ಕು ದಿನಕ್ಕೆ ಗಂಟುಕಟ್ಟಿ ಕೂರುತ್ತದೆ. ನಡುವೆ ಹಳೆಯ ಉಣ್ಣೆ ಇಟ್ಟರೆ ಬೆನ್ನಿಗೆ ಆಸರೆ ಸಿಗುತ್ತದೆ. ಆ ಉಣ್ಣೆ ಎಲ್ಲಿಯದು, ಯಾರ ಸ್ವೆಟರು, ಯಾರ ಕಾಲುಚೀಲ ಎಂದು ಗಿರಾಕಿ ಕೇಳಬಾರದು, ಅವಳು ಹೇಳಬಾರದು. ಇದು ಆ ಮನೆಯ ನಿಯಮ. ಕೇಳಿದವರಿಗೆ ಸಿಗುತ್ತಿದ್ದ ಉತ್ತರ ಒಂದೇ: "ನಿಮ್ಮ ಹೊಟ್ಟೆಯೊಳಗೆ ಏನಿದೆ ಅಂತ ನಾನು ಕೇಳಿದ್ನಾ?"

ಈ ನಿಯಮದಿಂದಲೇ ಒಂದು ಎಡವಟ್ಟಾಯಿತು. ಅದನ್ನು ಹೇಳಬೇಕಾದರೆ ಅವಳ ಬೆನ್ನಿಗೆ ಬಿದ್ದ ತಂಗಿಯ ವಿಷಯ ಹೇಳಬೇಕು.

ತಂಗಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಇಡೀ ದಿನ ಗಾಜು ಒರೆಸುವ ಕೈ. ಮನೆಯಲ್ಲೂ ಒಂದು ಬೆರಳಚ್ಚು ಕಂಡರೆ ಜೀವ ಹೋಗುತ್ತಿತ್ತು. ಅಮ್ಮ ತೀರಿಕೊಂಡಾಗ ಅಕ್ಕತಂಗಿಯರು ಪಾತ್ರೆಗೆ ಜಗಳವಾಡಲಿಲ್ಲ, ಮಂಚಕ್ಕೆ ಜಗಳವಾಡಲಿಲ್ಲ. ಜಗಳವಾಡಿದ್ದು ಅಮ್ಮ ಹೊದೆಯುತ್ತಿದ್ದ ಕಂದು ಉಣ್ಣೆಯ ಶಾಲಿಗೆ. ತಂಗಿ ಚಿಕ್ಕವಳಿದ್ದಾಗ ಇಸ್ತ್ರಿಪೆಟ್ಟಿಗೆ ಮರೆತಿಟ್ಟು ಅದರ ಅಂಚು ಸುಟ್ಟಿದ್ದಳು. ಮನೆಯಲ್ಲಿ ಕಂದು ದಾರ ಇರಲಿಲ್ಲವೆಂದು ಅಮ್ಮ ಹಸಿರು ದಾರದಲ್ಲೇ ರಫು ಹಾಕಿದ್ದಳು. ಆಮೇಲೆ ಬದುಕಿರುವತನಕ ಆ ಹಸಿರು ತೇಪೆ ಹೊರಗೆ ಕಾಣುವಂತೆಯೇ ಹೊದೆದಳು.

"ಶಾಲು ನಂಗೆ ಕೊಡ್ಬೇಕು ನೀನು. ಇಲ್ಲಾಂದ್ರೆ ಕತ್ತರಿಸು, ಆಳಿಗೆ ಅರ್ಧ," ಅಂದಿದ್ದಳು ತಂಗಿ.

"ನನ್ನ ಕತ್ತರಿ ಅದನ್ನ ಮುಟ್ಟೋದಿಲ್ಲ. ನಿಂಗೆ ಕೊಡೋದೂ ಇಲ್ಲ," ಅಂದಿದ್ದಳು ಅಕ್ಕ.

ಆದರೆ ತಂಗಿ ಹೊಸ ಫ್ಲಾಟಿಗೆ ಹೋಗುವ ದಿನ ಹತ್ತಿರ ಬಂದಾಗ ಹತ್ತಿಯಕ್ಕನ ಮನಸ್ಸು ತಿರುಗಿತು. ಶಾಲನ್ನು ತೆಗೆದು ಮಡಚಿ, ನಾಲ್ಕು ಕಡೆ ಹತ್ತಿ ಒತ್ತಿ, ನೀಲಿ ಗವಸಿನ ಒಂದು ಒರಗುದಿಂಬು ಮಾಡಿದಳು. ಗಂಟು ಕಾಣದ ಹಾಗೆ ಒಳಗೆ ಎಳೆದುಕೊಳ್ಳುವ ಹೊಲಿಗೆ ಅವಳದೊಬ್ಬಳದೇ; ಆ ಹೊಲಿಗೆಯನ್ನೇ ಹಾಕಿ ಮುಚ್ಚಿದಳು. ಒಳಗೇನಿದೆ ಎಂದು ಹೇಳಿದರೆ ಸೋತ ಹಾಗೆ. ಹಾಗಾಗಿ, "ತಗೋ, ಬೆನ್ನಿಗಿಟ್ಕೋ. ಬೆನ್ನುಮೂಳೆ ಅಂತ ಏನಾದ್ರೂ ಇದ್ರೆ," ಎಂದು ತಂಗಿಯ ಮಡಿಲಿಗೆ ಎಸೆದು ಬಂದಳು.

ಅಂದಿನಿಂದ ತಂಗಿ ಸಿಕ್ಕಲ್ಲೆಲ್ಲ ಚುಚ್ಚುತ್ತಿದ್ದಳು: ಶಾಲು ಎಲ್ಲಿ, ಇಲಿ ತಿಂತಾ, ಯಾರದೋ ಹಾಸಿಗೆಗೆ ತುರುಕಿದೆಯಾ ಎಂದು. ಅಕ್ಕ ಒಳಗೊಳಗೇ ಖುಷಿಪಡುತ್ತಿದ್ದಳು. ಬೈಯಮ್ಮ ಬೈಯಿ, ಅಮ್ಮನಿಗೆ ಒರಗಿಕೊಂಡೇ ಬೈಯುತ್ತಿದ್ದೀಯ ಎಂದುಕೊಂಡರೆ ಆ ದಿನದ ಊಟ ರುಚಿಸುತ್ತಿತ್ತು. ಶಾಲು ತಂಗಿಯ ಮನೆಯಲ್ಲಿ ಕ್ಷೇಮವಾಗಿದೆ ಎನ್ನುವುದೊಂದೇ ಅವಳ ನೆಮ್ಮದಿ. ಅದೊಂದಿದ್ದರೆ ತಂಗಿಯ ಎಷ್ಟು ಮಾತನ್ನಾದರೂ ಅವಳು ಜೀರ್ಣಿಸಿಕೊಳ್ಳಬಲ್ಲಳು.

ಹೀಗಿರುವಾಗ ಮನೆ ಓನರ್ ಬಂದು ಹಿಂದಿನ ಕೋಣೆಯ ಗೋಡೆಗೆ ಕೈಯಿಟ್ಟು ನೋಡಿದ. ಮೂಟೆಗಳು ಒತ್ತಿ ಒತ್ತಿ ಗೋಡೆಯಲ್ಲಿ ಪಸೆ ಹಿಡಿದಿತ್ತು.

"ನೋಡಿ, ಈ ತಿಂಗಳೊಳಗೆ ಕೋಣೆ ಖಾಲಿ ಮಾಡಿ. ಆಗದಿದ್ರೆ ಮನೆ ಖಾಲಿ ಮಾಡಿ."

ಸುದ್ದಿ ತಂಗಿಗೆ ಮುಟ್ಟಿತು. ಕರೆಯದೇ ಬಂದಳು. ಕೈಗೆ ರಬ್ಬರ್ ಗ್ಲೌಸು, ಮೂಗಿಗೆ ಮಾಸ್ಕು, ಕಂಕುಳಲ್ಲಿ ಕಸದ ಚೀಲಗಳ ಸುರುಳಿ. ಬಾಗಿಲಲ್ಲೇ ನಿಂತು ಕೋಣೆಯೊಳಗೆ ಇಣುಕಿ ಮುಖ ಹಿಂಡಿದಳು.

"ಅಕ್ಕಾ, ಇದು ಕೋಣೆನಾ, ಚಿಂದಿ ಆಸ್ಪತ್ರೆನಾ?"

"ರೋಗಿ ಈಗ ಬಂದಿದ್ದಾಳೆ. ಒಳಗೆ ಬಾ."

"ನನ್ನ ಲೆಕ್ಕ ಸುಲಭ. ಒಂದು ವರ್ಷದಿಂದ ಮುಟ್ಟದೇ ಇದ್ದದ್ದು ಮನೇಲಿ ಇರಬಾರದು."

"ನಿನ್ನ ಗಂಡನ್ನ ಹೇಗೆ ಇಟ್ಕೊಂಡಿದ್ದೀಯ ಮತ್ತೆ?"

ತಂಗಿ ಮಾಸ್ಕಿನೊಳಗೇ ಹಲ್ಲು ಕಡಿದಳು. ಮೊದಲ ಮೂಟೆಯ ಬಾಯಿ ಬಿಚ್ಚಿ ನೆಲಕ್ಕೆ ಸುರಿದಳು. ಪರದೆಯ ತುಂಡುಗಳು, ಒಂಟಿ ಕಾಲುಚೀಲಗಳು, ತೋಳಿಲ್ಲದ ಸ್ವೆಟರುಗಳು. ಅವಳು ಒಂದೊಂದನ್ನೇ ಎರಡು ಬೆರಳಲ್ಲಿ ಎತ್ತಿ ಚೀಲಕ್ಕೆ ಹಾಕುವುದು, ಹತ್ತಿಯಕ್ಕ ಅದೇ ಚೀಲಕ್ಕೆ ಕೈಹಾಕಿ ಹೊರಗೆ ಎಳೆಯುವುದು.

"ಇದು ಉಣ್ಣೆ. ಬೇಕು."

"ಇದರಲ್ಲಿ ಹುಳ ಇದೆ!"

"ಬಿಸಿಲಿಗೆ ಹಾಕಿದ್ರೆ ಹುಳ ಹೋಗುತ್ತೆ. ನೀನೇ ಹೋಗಲ್ಲ."

ಬೆಳಗ್ಗೆಯೆಲ್ಲ ಹೀಗೇ ನಡೆಯಿತು. ಚೀಲ ತುಂಬಲಿಲ್ಲ, ಕೋಣೆ ಖಾಲಿಯಾಗಲಿಲ್ಲ, ಬಾಯಿಗಳು ಮಾತ್ರ ದಣಿದವು. ಕೊನೆಗೆ ತಂಗಿ ಒಂದು ಮೂಟೆಯ ಮೇಲೆ ಕುಕ್ಕರಿಸಿದಳು. ಮಾಸ್ಕು ಕೆಳಗೆಳೆದು ಅದೇ ಹಳೆಯ ಬಾಣ ಬಿಟ್ಟಳು.

"ಅಮ್ಮನ ಶಾಲೂ ಇದರಲ್ಲೇ ಎಲ್ಲೋ ಕೊಳೀತಾ ಇರ್ಬೇಕು. ಹೆತ್ತ ತಾಯಿ ನೆನಪು ಇಟ್ಕೊಳ್ಳೋ ಯೋಗ್ಯತೆ ಇಲ್ಲ ನಿಂಗೆ. ನನ್ನ ಮನೆ ಬಂದು ನೋಡು. ಹೋದ ವಾರ ಹಳೇದೆಲ್ಲ ತೆಗೆದು ಹಾಕಿದೆ. ನೀನು ಕೊಟ್ಟಿದ್ದೆಯಲ್ಲ, ಆ ನೀಲಿ ಒರಗುದಿಂಬು, ಕಲ್ಲಿನ ಹಾಗೆ ಆಗಿತ್ತು, ಅದನ್ನೂ ಎಸೆದೆ. ಈಗ ಮನೆ ಹೇಗಿದೆ ಗೊತ್ತಾ? ಉಸಿರಾಡಬಹುದು."

ಹತ್ತಿಯಕ್ಕನ ಕೈಯಲ್ಲಿದ್ದ ಸ್ವೆಟರು ಕೈಯಲ್ಲೇ ಉಳಿಯಿತು. ಆದರೆ ಬಾಯಿಯಿಂದ ಮೊದಲು ಬಂದದ್ದು ಬೈಗುಳವೇ.

"ಎಲ್ಲಿಗೆ ಎಸೆದೆ, ಕತ್ತೆ?"

"ಕಸದ ಡಬ್ಬಿ ಪಕ್ಕ. ನಮ್ಮ ಗೇಟಿನವನು ಎತ್ಕೊಂಡು ಕುರ್ಚಿಗೆ ಹಾಕ್ಕೊಂಡ. ಯಾಕೆ, ಅದೇನು ಸಿಂಹಾಸನದ್ದಾ?"

ಹತ್ತಿಯಕ್ಕ ಕತ್ತರಿ, ದಬ್ಬಣ, ದಾರದ ಉಂಡೆ ಚೀಲಕ್ಕೆ ಹಾಕಿಕೊಂಡು, ಮನೆಯ ಬಾಗಿಲನ್ನೂ ಎಳೆಯದೆ ಹೊರಟಳು. ಹಿಂದೆ ತಂಗಿ, "ಅಕ್ಕಾ, ಏನಾಯ್ತೇ? ಅಕ್ಕಾ!" ಎನ್ನುತ್ತ ಗ್ಲೌಸು ಹಾಕಿದ ಕೈಯಲ್ಲೇ ಬಾಗಿಲು ಎಳೆದುಕೊಂಡು ಓಡಿಬಂದಳು.

ಫ್ಲಾಟಿನ ಗೇಟಿನ ಪಕ್ಕ ಕಬ್ಬಿಣದ ಕುರ್ಚಿ. ಕುರ್ಚಿಗೆ ನೀಲಿ ಒರಗುದಿಂಬು. ಒರಗುದಿಂಬಿಗೆ ಒರಗಿ ಗೇಟಿನವನು. ಹತ್ತಿಯಕ್ಕ ಬೀದಿಯ ಆ ಕಡೆಯಿಂದಲೇ ತನ್ನ ಹೊಲಿಗೆ ಗುರುತಿಸಿದಳು. ಹೋದವಳೇ ದಿಂಬಿನ ಮೂಲೆ ಹಿಡಿದು ಎಳೆದಳು.

"ಏಳಪ್ಪಾ. ಇದು ನಂದು."

ಗೇಟಿನವನು ಏಳಲಿಲ್ಲ, ಇನ್ನಷ್ಟು ಒತ್ತಿ ಕೂತ. "ಏನಮ್ಮಾ ಇದು ಹಗಲು ದರೋಡೆ! ನಾನೇನು ಕದ್ದಿಲ್ಲ. ಬೇಡ ಅಂತ ಎಸೆದ್ರು, ಎತ್ಕೊಂಡೆ. ಇದು ಬಂದ ಮೇಲೆ ನನ್ನ ಸೊಂಟನೋವು ಹೋಗಿದೆ. ಕೊಡಲ್ಲ."

ಸೊಂಟನೋವಿನ ಮಾತು ಕೇಳಿ ಅಷ್ಟು ಕೋಪದಲ್ಲೂ ಹತ್ತಿಯಕ್ಕನಿಗೆ ಒಂದು ಗಳಿಗೆ ಹೆಮ್ಮೆಯಾಯಿತು. ಆ ಹೆಮ್ಮೆಯ ಮೇಲೂ ಕೋಪ ಬಂತು.

"ದಿಂಬು ನೀನೇ ಇಟ್ಕೋ. ಒಳಗಿರೋದು ನಂದು."

"ಒಳಗೇನಿದೆ, ಬಂಗಾರನಾ?"

ತಂಗಿ ಏದುಸಿರು ಬಿಡುತ್ತ ಬಂದು ಸೇರಿದಳು. "ಅಕ್ಕಾ, ನಾನು ಇರೋ ಜಾಗದಲ್ಲಿ ಮಾನ ಕಳೀಬೇಡ! ಎಸೆದಿರೋ ದಿಂಬಿಗೆ ಯಾರಾದ್ರೂ..."

ಹತ್ತಿಯಕ್ಕ ಕತ್ತರಿ ತೆಗೆದಳು. ಕತ್ತರಿ ಕಂಡದ್ದೇ ಗೇಟಿನವನು ತಾನಾಗಿಯೇ ಎದ್ದ. ಅವಳು ಹೊಲಿಗೆ ಬಿಚ್ಚಿ, ಹತ್ತಿಯನ್ನು ಪಕ್ಕಕ್ಕೆ ಸರಿಸಿ, ಕೈ ಆಳಕ್ಕೆ ಇಳಿಸಿ ಎಳೆದಳು. ಕಂದು ಉಣ್ಣೆ ಮಡಿಕೆ ಮಡಿಕೆಯಾಗಿ ಹೊರಗೆ ಬಂತು. ಅಂಚಿನಲ್ಲಿ ಹಸಿರು ತೇಪೆ.

ತಂಗಿ ಗ್ಲೌಸು ಕಳಚಿ, ಬರಿಗೈಯಲ್ಲಿ ಆ ತೇಪೆ ಮುಟ್ಟಿದಳು. ಅದನ್ನು ಬಿಡಲಿಲ್ಲ.

"ಇಷ್ಟು ವರ್ಷ ನನ್ನ ಮನೇಲಿತ್ತಾ? ಯಾಕೆ ಹೇಳ್ಲಿಲ್ಲ?"

"ನೀನ್ಯಾಕೆ ಕೇಳ್ಲಿಲ್ಲ?"

"ಕೇಳಿದ್ದೆ! ಸಾವಿರ ಸಲ ಕೇಳಿದ್ದೆ!"

"ಕೇಳಿದ್ದಲ್ಲ ಅದು, ಚುಚ್ಚಿದ್ದು. ಒಂದು ಸಲ ನೆಟ್ಟಗೆ ಕೇಳಿದ್ರೆ ಹೇಳ್ತಿದ್ದೆ."

"ಕೊಡು ಇಲ್ಲಿ. ನಂಗೆ ಕೊಟ್ಟ ಮೇಲೆ ಅದು ನಂದು."

"ಎಸೆದ ಮೇಲೆ ನಿಂದಲ್ಲ. ಬಿಡು."

"ಹಾಗಾದ್ರೆ ನಂದು ತಾನೇ?" ಎಂದ ಗೇಟಿನವನು. ಇಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿ "ಬಾಯ್ಮುಚ್ಚು!" ಅಂದರು. ಆ ದಿನ ಅಕ್ಕತಂಗಿಯರು ಒಮ್ಮತದಿಂದ ಆಡಿದ ಮಾತು ಅದೊಂದೇ.

ಆ ತುದಿ ಅವಳ ಕೈಯಲ್ಲಿ, ಈ ತುದಿ ಇವಳ ಕೈಯಲ್ಲಿ. ಜಗ್ಗಿದರು. ಮಡಿಕೆಯಲ್ಲಿ ವರ್ಷಗಟ್ಟಲೆ ಬೆನ್ನಿನ ಭಾರ ಹೊತ್ತು ಲಡ್ಡಾಗಿದ್ದ ಉಣ್ಣೆ ಸದ್ದೇ ಇಲ್ಲದೆ ಹರಿಯಿತು. ಹತ್ತಿಯಕ್ಕನ ಕೈಯಲ್ಲಿ ಅರ್ಧ, ತಂಗಿಯ ಕೈಯಲ್ಲಿ ಅರ್ಧ. ಕತ್ತರಿ ಮಾಡದೇ ಇದ್ದದ್ದನ್ನು ಕೈಗಳು ಮಾಡಿ ಮುಗಿಸಿದ್ದವು. ಗೇಟಿನ ಮುಂದೆ ಹತ್ತಿಯ ಎಳೆಗಳು ಗಾಳಿಗೆ ಉರುಳಿಕೊಂಡು ಹೋದವು.

ಹತ್ತಿಯಕ್ಕ ತನ್ನ ಪಾಲನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಹೆಂಡತಿಯಾಗಿ, ಮಗಳಾಗಿ ಏನೆಲ್ಲ ತಪ್ಪಿದರೂ ಬಟ್ಟೆಯ ವಿಷಯದಲ್ಲಿ ಅವಳ ಬೆರಳು ಸುಳ್ಳು ಹೇಳುತ್ತಿರಲಿಲ್ಲ. ಇದು ಇನ್ನು ಹೊದೆಯುವ ಶಾಲಲ್ಲ. ದಿಂಬಿನೊಳಗಿದ್ದು ಇದ್ದು ದಿಂಬಿನದೇ ಆಗಿಬಿಟ್ಟಿದೆ. ಹೊರಗೆ ಎಲ್ಲಿಟ್ಟರೂ ಪುಡಿಯಾಗುತ್ತದೆ.

"ಈಗ ನನ್ನ ದಿಂಬಿಗೆ ಏನು ತುಂಬ್ತೀರಿ?" ಎಂದ ಗೇಟಿನವನು, ಈ ಸಲ ಸ್ವಲ್ಪ ದೂರ ನಿಂತು.

ಹತ್ತಿಯಕ್ಕ ತಂಗಿಯ ಮುಂದೆ ಕೈ ಚಾಚಿದಳು. "ತಾ."

"ಅಕ್ಕಾ..."

"ನಿನ್ನ ಹತ್ರ ಇದ್ರೆ ನಾನು ಮಲಗಲ್ಲ. ನನ್ನ ಹತ್ರ ಇದ್ರೆ ನೀನು ಮಲಗೋಕೆ ಬಿಡಲ್ಲ. ತಾ ಇಲ್ಲಿ."

ತಂಗಿ ಕೊಟ್ಟಳು. ಹತ್ತಿಯಕ್ಕ ಗೇಟಿನ ಪಕ್ಕ ನೆಲದಲ್ಲೇ ಕುಳಿತು ಗಂಟುಕಟ್ಟಿದ ಹತ್ತಿಯನ್ನು ಹಿಂಜಿದಳು, ಎರಡು ತುಂಡುಗಳನ್ನೂ ಒಂದರ ಮೇಲೊಂದು ಮಡಚಿ ಗವಸಿನೊಳಗೆ ಇಳಿಸಿದಳು. ಮಡಚುವಾಗಲೇ ಗೊತ್ತಾಯಿತು: ಹಸಿರು ತೇಪೆಯ ಅಂಚು ಅದರಲ್ಲಿರಲಿಲ್ಲ. ತಲೆಯೆತ್ತಿ ನೋಡಿದಳು. ತಂಗಿಯ ಬಲಗೈ ಮುಷ್ಟಿ ಬಿಗಿದಿತ್ತು. ಅವಳು ಬೇರೆಲ್ಲೋ ನೋಡುತ್ತಿದ್ದಳು.

ಮುಷ್ಟಿ ಬಿಚ್ಚು ಎನ್ನಲು ಹತ್ತಿಯಕ್ಕನ ಬಾಯಿಯವರೆಗೂ ಮಾತು ಬಂತು. ಅದರ ಬದಲು ಬಾಯಿಗೆ ದಾರ ಇಟ್ಟು ಕಚ್ಚಿ ತುಂಡರಿಸಿದಳು. ಗಂಟನ್ನು ಒಳಗೆಳೆದು, ದಿಂಬಿಗೆ ಎರಡು ಗುದ್ದು ಗುದ್ದಿ, ಗೇಟಿನವನ ಎದೆಗೆ ಒಗೆದಳು.

"ಇನ್ನು ಇದು ನಿಂದೇ. ಇವಳು ಕೇಳಿದ್ರೆ ಕೊಡಬೇಡ. ನಾನು ಬಂದು ಅತ್ತು ಕೇಳಿದ್ರೂ ಕೊಡಬೇಡ."

ಆಮೇಲೆ ತಂಗಿಗೆ: "ನಾಳೆ ನನ್ನ ಮನೆ ಕಡೆ ಬರಬೇಡ. ನನ್ನ ಕೋಣೆ ನಾನೇ ಖಾಲಿ ಮಾಡ್ಕೊಳ್ತೀನಿ."

"ಕರೆದ್ರೂ ಬರಲ್ಲ ಹೋಗು!"

ಹತ್ತಿಯಕ್ಕ ಕೋಣೆ ಖಾಲಿ ಮಾಡಿದಳು. ಒಂದೊಂದು ಮೂಟೆಯನ್ನೂ ಬಿಚ್ಚಿ, ಒಂದೊಂದು ಬಟ್ಟೆಯನ್ನೂ ಕೈಯಲ್ಲಿ ಹಿಡಿದು, ಇದರೊಳಗೆ ಮತ್ತೇನೂ ಇಲ್ಲ ಎಂದು ಖಾತ್ರಿಯಾದ ಮೇಲೇ ಹೊರಗೆ ಹಾಕಿದಳು. ಓನರ್ ಬಂದು ಗೋಡೆ ನೋಡಿ ಚೆನ್ನಾಗಿದೆ ಅಂದದ್ದಕ್ಕೆ, "ಗೋಡೆ ನಿಮ್ದು, ನೀವೇ ನೋಡ್ತಾ ಕೂತ್ಕೊಳ್ಳಿ," ಎಂದು ಬಾಗಿಲು ಹಾಕಿಕೊಂಡಳು.

ತಂಗಿ ದಿನಾ ಕೆಲಸಕ್ಕೆ ಹೋಗುವಾಗ, ಬರುವಾಗ ಆ ಗೇಟು ದಾಟಲೇಬೇಕು. ದಾಟುವಾಗ ಒಮ್ಮೆ ಕುರ್ಚಿಯ ಕಡೆ ನೋಡುತ್ತಾಳಂತೆ. ಅವಳು ನೋಡಿದಳೆಂದರೆ ಸಾಕು, ಗೇಟಿನವನು ಎರಡೂ ಕೈ ಕುರ್ಚಿಗೆ ಊರಿ, ಬೆನ್ನನ್ನು ದಿಂಬಿಗೆ ಗಟ್ಟಿಯಾಗಿ ಒತ್ತಿಕೊಂಡು ಕೂರುತ್ತಾನಂತೆ.